ಒಂದು ಹಳೆಯ ಚಿತ್ರಕಥೆಯೂ ಅದರ ವಾಚಕರೂ

ಚಿತ್ರಕಥೆಯನ್ನು ವಿಮರ್ಶೆಯ ಅಂಗಳಕ್ಕೆ ತರುವುದು ತಕ್ಕುದೇ ಎಂದು ಕೇಳುವವರು ಇನ್ನೂ ಇದ್ದಾರೆ. ಶ್ರೀಕೃಷ್ಣ ಪಾರಿಜಾತವನ್ನೂ ಗೀಗೀ ಪದವನ್ನೂ ನಾವು ಒಂದು ಕಾಲಕ್ಕೆ ಹೀಗೆಯೇ ಬಾಗಿಲಲ್ಲಿ ನಿಲ್ಲಿಸಿದ್ದೆವು. ಆಮೇಲೆ ಒಳಕ್ಕೆ ಕರೆದು ಮಣೆ ಹಾಕಿದೆವು. ಆದ್ದರಿಂದ ಆ ಪ್ರಶ್ನೆಯ ತಂಟೆಗೆ ಹೋಗದೆ ನೇರವಾಗಿ ಪುಸ್ತಕಕ್ಕೇ ಬರುತ್ತೇನೆ.

ಪುಸ್ತಕವೆಂದರೆ 1964ರ ಮಾರ್ಚ್ ತಿಂಗಳ ಹೆಸರು ಹೊತ್ತು ಅಮೆರಿಕದಲ್ಲಿ ಹೊರಟ ‘ಅವೆಂಜರ್ಸ್’ ಮಾಲೆಯ ನಾಲ್ಕನೆಯ ಸಂಚಿಕೆ. ಬೆಲೆ ಹನ್ನೆರಡು ಸೆಂಟು. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಜ್ಯಾಕ್ ಕರ್ಬಿ. ಅದ್ಭುತ ಶಕ್ತಿಯ ವೀರರನ್ನು ಒಬ್ಬೊಬ್ಬರನ್ನಾಗಿ ಮಾರಿ ಸಾಕಾದ ಮೇಲೆ ಅವರನ್ನೆಲ್ಲ ಒಂದೇ ಕಟ್ಟಿನಲ್ಲಿ ಬಿಗಿದು ಮಾರುವ ಯುಕ್ತಿ ಆಗ ತಾನೇ ಫಲ ಕೊಡತೊಡಗಿತ್ತು. ಐರನ್ ಮ್ಯಾನ್, ಥಾರ್, ಜೈಂಟ್-ಮ್ಯಾನ್, ವಾಸ್ಪ್ ಎಂಬ ನಾಲ್ವರ ತಂಡ. ಹಲ್ಕ್ ಎಂಬ ಹಸಿರು ದೈತ್ಯ ಎರಡನೆಯ ಸಂಚಿಕೆಗೇ ಮುನಿಸಿಕೊಂಡು ಹೊರಟುಹೋಗಿದ್ದ.

ಕಥೆಯ ತಿರುಳನ್ನು ಹೇಳಿಬಿಡುತ್ತೇನೆ. ಸಮುದ್ರದ ಅರಸನಾದ ನೇಮರ್ ಮನುಷ್ಯಕುಲದ ಮೇಲೆ ಕುದಿಯುತ್ತ ಉತ್ತರದ ಹಿಮಪ್ರದೇಶಕ್ಕೆ ಬರುತ್ತಾನೆ. ಅಲ್ಲಿಯ ಜನ ಹಿಮದ ಬಂಡೆಯೊಳಗೆ ಹೆಪ್ಪುಗಟ್ಟಿ ನಿಂತ ಮನುಷ್ಯಾಕೃತಿಯೊಂದನ್ನು ದೇವರೆಂದು ಪೂಜಿಸುತ್ತಿರುತ್ತಾರೆ. ನೇಮರ್ ಸಿಟ್ಟಿನಿಂದ ಆ ಬಂಡೆಯನ್ನೇ ಕಿತ್ತು ಕಡಲಿಗೆ ಎಸೆಯುತ್ತಾನೆ. ಅದು ತೇಲುತ್ತ ಬಿಸಿನೀರಿನ ಪ್ರವಾಹಕ್ಕೆ ಬಂದು ಕರಗುತ್ತದೆ. ಒಳಗಿದ್ದವನನ್ನು ಅವೆಂಜರ್ಸ್ ತಮ್ಮ ಜಲಾಂತರ್ಗಾಮಿಗೆ ಎತ್ತಿಕೊಳ್ಳುತ್ತಾರೆ. ಚಿಂದಿಯಾದ ಸೈನಿಕ ಉಡುಪಿನ ಅಡಿಯಲ್ಲಿ ನಕ್ಷತ್ರದ ಅಂಗಿ: ಅವನು ಕ್ಯಾಪ್ಟನ್ ಅಮೆರಿಕ, ಎರಡನೆಯ ಮಹಾಯುದ್ಧದ ಕಾಲದ ಚಿತ್ರಕಥಾನಾಯಕ. ಕಣ್ಣು ತೆರೆದೊಡನೆ ಅವನು ಕೂಗುವುದು ಜೊತೆಗಾರ ಬಕಿಯ ಹೆಸರನ್ನು. ಸಿಡಿಮದ್ದು ತುಂಬಿದ ವಿಮಾನವನ್ನು ತಡೆಯಹೋಗಿ ಆ ಹುಡುಗ ಗಾಳಿಯಲ್ಲಿಯೇ ಸಿಡಿದುಹೋಗಿದ್ದಾನೆ. ಇವನು ಕಡಲಿಗೆ ಬಿದ್ದು ಇಪ್ಪತ್ತು ವರ್ಷ ಮಂಜುಗಡ್ಡೆಯಲ್ಲಿ ಮಲಗಿದ್ದಾನೆ. ಮುಂದೆ ನ್ಯೂಯಾರ್ಕ್, ಎಲ್ಲರನ್ನೂ ಕಲ್ಲಾಗಿಸುವ ಬೇರೆ ಲೋಕದವನೊಬ್ಬ, ನೇಮರನ ಸೈನ್ಯದೊಡನೆ ಕಾಳಗ, ಕೊನೆಗೆ ಕ್ಯಾಪ್ಟನ್ ತಂಡವನ್ನು ಸೇರುವುದು. ಈ ಉತ್ತರಾರ್ಧ ತೀರ ಸಾಮಾನ್ಯ. ನಮ್ಮ ಬಯಲಾಟದಲ್ಲಿ ಬೆಳಗಿನ ಜಾವಕ್ಕೆ ರಕ್ಕಸರನ್ನು ಕುಣಿಸಿ ಹೊತ್ತು ಕಳೆಯುತ್ತಾರಲ್ಲ, ಹಾಗೆ.

ಈ ಸಂಚಿಕೆಯ ಹುಟ್ಟಿನ ಹಿಂದೆಯೇ ವಾಚಕರಿದ್ದಾರೆಂಬುದು ವಿಶೇಷ. ಅದಕ್ಕೆ ನಾಲ್ಕು ತಿಂಗಳು ಮುಂಚೆ, 1963ರ ನವೆಂಬರಿನಲ್ಲಿ, ‘ಸ್ಟ್ರೇಂಜ್ ಟೇಲ್ಸ್’ ಮಾಲೆಯ 114ನೆಯ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕನ ವೇಷದ ಕಳ್ಳನೊಬ್ಬನನ್ನು ತಂದು ನಿಲ್ಲಿಸಿ, ನಿಜವಾದವನು ಮರಳಿ ಬರಲೇ ಎಂದು ಕಥೆಯ ಕಡೆಗೆ ಓದುಗರನ್ನೇ ಕೇಳಿದ್ದರು. ಬರಲಿ ಎಂದು ಪತ್ರಗಳು ಬಂದವು, ಅವನು ಬಂದ. ಆ ದೇಶದ ಚಿತ್ರಕಥೆಗಳಲ್ಲಿ ಪತ್ರದ ಪುಟವೆಂಬುದು ಬರಿಯ ಅಲಂಕಾರವಾಗಿರಲಿಲ್ಲ. ಮಿಸೂರಿ ಪ್ರಾಂತದ ಶಾಲಾಮಾಸ್ತರರೊಬ್ಬರು, ರಾಯ್ ಥಾಮಸ್, ಇಂಥ ಪುಟಗಳಿಗೆ ಬರೆಯುತ್ತ ಬರೆಯುತ್ತ 1965ರಲ್ಲಿ ಆ ಸಂಸ್ಥೆಯನ್ನೇ ಸೇರಿ, ಮರುವರ್ಷ ಅವೆಂಜರ್ಸ್ ಕಥೆಗಳನ್ನೇ ಬರೆಯತೊಡಗಿ, 1972ರಲ್ಲಿ ಪ್ರಧಾನ ಸಂಪಾದಕರಾದರು. ಇಂದು ‘ಗೇಮ್ ಆಫ್ ಥ್ರೋನ್ಸ್’ನಿಂದ ಲೋಕಪ್ರಸಿದ್ಧರಾದ ಜಾರ್ಜ್ ಮಾರ್ಟಿನ್ ಅವರ ಮೊದಲ ಅಚ್ಚಾದ ಬರಹವೂ 1963ರ ‘ಫೆಂಟಾಸ್ಟಿಕ್ ಫೋರ್’ ಸಂಚಿಕೆಯೊಂದರ ಪತ್ರವೇ. ವಾಚಕನ ಮೆಚ್ಚಿಕೆ ಮಾತ್ರವಲ್ಲ, ಕೋಪವೂ ಬರುತ್ತಿತ್ತು. 1941ರಲ್ಲಿ ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಮುಖಪುಟದಲ್ಲಿಯೇ ಹಿಟ್ಲರನ ದವಡೆಗೆ ಗುದ್ದಿದಾಗ ಬೆದರಿಕೆಯ ಪತ್ರಗಳು ಬಂದವೆಂದೂ, ನಗರದ ಮೇಯರ್ ಲಾಗಾರ್ಡಿಯ ಸ್ವತಃ ಫೋನು ಮಾಡಿ ರಕ್ಷಣೆಯ ಅಭಯ ಕೊಟ್ಟರೆಂದೂ ಆ ಪಾತ್ರದ ಜನಕರಲ್ಲೊಬ್ಬರಾದ ಜೋ ಸೈಮನ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಅದೇ 1964ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದವರು ‘ಇಂದ್ರಜಾಲ ಕಾಮಿಕ್ಸ್’ ಹೊರಡಿಸಿದರು. ಮೊದಲ ನಾಯಕ ಲೀ ಫಾಕರ ಫ್ಯಾಂಟಮ್. ಆ ಮಾಲೆ ಕನ್ನಡವೂ ಸೇರಿ ನಮ್ಮ ಹಲವು ಭಾಷೆಗಳಲ್ಲಿ ಬಂತು, 1990ರವರೆಗೆ ನಡೆಯಿತು. ಇಲ್ಲಿ ವಾಚಕನ ಪ್ರತಿಕ್ರಿಯೆಯನ್ನು ಪ್ರಕಾಶಕರು ಮೊದಲೇ ಊಹಿಸಿಕೊಂಡಿದ್ದರು. ಫ್ಯಾಂಟಮ್‌ನ ಕಾಡಿನ ಹೆಸರು ಬಂಗಾಳದ ನೆನಪು ತರುವುದೆಂದು ಅದನ್ನು ಡೆಂಕಾಲಿ ಮಾಡಿದರು. ‘ಸಿಂಗ್’ ಎಂಬ ಕಡಲ್ಗಳ್ಳರು ‘ಸಿಂಗಾ’ ಆದರು. ನಾಯಕನ ತಂದೆಯನ್ನು ಕೊಂದ ‘ರಾಮ’ ಎಂಬವನು ‘ರಾಮಲು’ ಆದ. ಅಲ್ಲಿ ಕೇಳಿ ತಿದ್ದಿದರು, ಇಲ್ಲಿ ಹೆದರಿ ತಿದ್ದಿದರು. ಎರಡರಲ್ಲಿ ಯಾವುದು ಮೇಲೆಂದು ಬೇಗನೆ ತೀರ್ಮಾನಿಸುವಂತಿಲ್ಲವೆಂಬುದು ಮುಂದೆ ತಿಳಿದೀತು.

ಕಳೆದ ಎರಡು ವರ್ಷಗಳಲ್ಲಿ ಕೆಲಸದ ನಿಮಿತ್ತ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಮೇಲಿಂದ ಮೇಲೆ ತಿರುಗಾಡುವ ಪ್ರಸಂಗ ನನಗೆ ಬಂತು. ಚೀಲದಲ್ಲಿ ಈ ಸಂಚಿಕೆಯ ಪುನರ್ಮುದ್ರಣದ ಪ್ರತಿಯೊಂದಿತ್ತು. ಅಮೆರಿಕದ ಓದುಗರು ಏನೆಂದರೆಂದು ಬಲ್ಲೆ. ನಮ್ಮ ಗಡಿಯ ಜನ ಏನೆನ್ನುವರೆಂದು ತಿಳಿಯುವ ಚಪಲದಿಂದ ಸಿಕ್ಕವರ ಮುಂದೆ ಅದನ್ನು ಇಟ್ಟೆ. ಇಂಗ್ಲಿಷು ಬಲ್ಲವರು ತಾವೇ ಓದಿದರು. ಉಳಿದವರಿಗೆ ಚಿತ್ರ ತೋರಿಸುತ್ತ ಕನ್ನಡದಲ್ಲಿ ಹೇಳಿದೆ. ಇದು ಶಾಸ್ತ್ರೀಯ ಸಮೀಕ್ಷೆಯಲ್ಲ. ಹತ್ತು ಹನ್ನೆರಡು ಜನರ ಮಾತು, ಅಷ್ಟೆ.

ಚಿಕ್ಕೋಡಿಯ ಕಾಲೇಜು ಹುಡುಗರ ಮಾತನ್ನು ಬೇಗನೆ ಮುಗಿಸಬಹುದು. ಅವರು ಸಿನಿಮಾಗಳನ್ನೆಲ್ಲ ನೋಡಿದವರು. “ಸರ, ಸಿನಿಮಾದಾಗ ಬಕಿ ಟ್ರೇನಿನಿಂದ ಬೀಳ್ತಾನ, ವಿಮಾನದಾಗಲ್ಲ” ಎಂದು ಒಬ್ಬ ತಪ್ಪು ಹಿಡಿದ. ಇನ್ನೊಬ್ಬನಿಗೆ ಥಾರ್ ಹೆಚ್ಚೋ ಹಲ್ಕ್ ಹೆಚ್ಚೋ ಎಂಬುದೇ ಚಿಂತೆ. ಅರ್ಧ ತಾಸು ವಾದ ನಡೆಯಿತು. ಹರದೇಶಿ-ನಾಗೇಶಿಯ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಹಾಡಿ ಸೋಲು-ಗೆಲುವು ಹಚ್ಚುವ ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಮೆರಿಕದ ಹಳೆಯ ಪತ್ರಪುಟಗಳ ತುಂಬ ಇರುವುದೂ ಬಹುಮಟ್ಟಿಗೆ ಇದೇ: ತಪ್ಪು ಹಿಡಿಯುವುದು, ಬಲಾಬಲ ತೂಗುವುದು.

ರಾಯಬಾಗದ ಹತ್ತಿರ ಒಂದು ಮನೆಯಲ್ಲಿ ಮೊಮ್ಮಗನಿಗೆ ಕಥೆ ಹೇಳುತ್ತಿದ್ದಾಗ ಆಯಿಯೊಬ್ಬರು ಜೋಳ ಹಸನು ಮಾಡುತ್ತ ಕೇಳುತ್ತಿದ್ದರು. ಚಿಂಚಲಿಯ ಮಾಯಕ್ಕನ ಜಾತ್ರೆಯನ್ನು ಒಂದು ವರ್ಷವೂ ತಪ್ಪಿಸದವರು. ಕಥೆ ನ್ಯೂಯಾರ್ಕಿಗೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಅವರು ಕೇಳಿದರು: “ಅಲ್ಲೋ ತಮ್ಮಾ, ಅವರ ದೇವರನ್ನ ಎತ್ತಿ ಹೊಳಿಗೆ ಒಗದನಲ್ಲ, ಆ ಮಂದಿ ಏನು ಮಾಡಿದರು ಮುಂದ?”

ನಾನು ಪುಟ ತಿರುವಿ ನೋಡಿದೆ. ಆ ಜನ ಹೆದರಿ ಓಡುತ್ತಾರೆ; ಮತ್ತೆ ಬರುವುದಿಲ್ಲ. ಕಥೆಯ ಪಾಲಿಗೆ ಅವರು ಮೌಢ್ಯಕ್ಕೊಂದು ಉದಾಹರಣೆ. ನಾಯಕನನ್ನು ಮಂಜಿನಿಂದ ಹೊರತೆಗೆಯಲು ಯಾರೋ ಬೇಕಾಗಿತ್ತು, ಅದಕ್ಕಾಗಿ ಬಂದರು, ಹೋದರು. ಅವನನ್ನು ಅಷ್ಟು ಕಾಲ ಕಾದುಕೊಂಡು ಕೂತವರು ಅವರೇ ಎಂಬುದು ಲೀಯವರಿಗೂ ಹೊಳೆದಂತಿಲ್ಲ, ಎಚ್ಚೆತ್ತ ಕ್ಯಾಪ್ಟನ್‌ಗೂ ಹೊಳೆಯುವುದಿಲ್ಲ. ಈ ಸಂಚಿಕೆಯನ್ನು ನಾನು ಹಲವು ಸಲ ಓದಿದ್ದೇನೆ, ಅದರ ಮೇಲೆ ಬಂದ ಲೇಖನಗಳನ್ನೂ ಓದಿದ್ದೇನೆ; ಕಥೆಯ ಈ ಬಿರುಕಿಗೆ ಇಷ್ಟು ನೇರವಾಗಿ ಬೆರಳಿಟ್ಟದ್ದು ಅಕ್ಷರ ಬಾರದ ಈ ಆಯಿ.

ಕಾಗವಾಡದ ವಾಚಕರು ಬೇರೆ ತರಹ. ಅಲ್ಲಿಂದ ಮಿರಜು ಕೂಗಳತೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಉಗಾರದ ಸಕ್ಕರೆ ಕಾರಖಾನೆಯ ನೌಕರಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರು ಬಾಲ್ಯದಲ್ಲಿ ಇಂದ್ರಜಾಲದ ಮರಾಠಿ ಪ್ರತಿಗಳನ್ನು ಓದಿ ಬೆಳೆದವರು. ಫ್ಯಾಂಟಮ್ ಎಂದರೆ ಅವರಿಗೆ ಇಂದಿಗೂ ‘ವೇತಾಳ’. ಹೆಸರಿನ ಬಲವೇ ಬೇರೆ ನೋಡಿ: ವೇತಾಳನೆಂದೊಡನೆ ವಿಕ್ರಮನ ಹೆಗಲೂ ಸ್ಮಶಾನದ ಮರವೂ ತಾವಾಗಿ ಬಂದುಬಿಡುತ್ತವೆ, ನಾವು ಕನ್ನಡದಲ್ಲಿ ‘ಸುಧಾ’ ವಾರಪತ್ರಿಕೆಯಲ್ಲಿ ಓದುತ್ತಿದ್ದ ಫ್ಯಾಂಟಮ್ ಪರದೇಶದವನಾಗಿಯೇ ಉಳಿದ. ಈ ಗೃಹಸ್ಥರು ಸಂಚಿಕೆಯನ್ನು ಒಂದೇ ಉಸಿರಿಗೆ ಓದಿ ಮಡಚಿಟ್ಟು, ಇದರಲ್ಲಿ ಒಂದು ಮೋಸವಿದೆ ಎಂದರು. “ವೇತಾಳ ಸಾಯತಾನ್ರೀ. ಅಪ್ಪ ಸತ್ತರ ಮಗಾ ಆಣಿ ಮಾಡಿ ಮುಖವಾಡ ಹಾಕ್ಕೋತಾನ. ಮಠದ ಪೀಠ ಇದ್ದಂಗ: ಸ್ವಾಮಿಗಳು ಲಿಂಗೈಕ್ಯ ಆಗತಾರ, ಪೀಠ ಹಂಗ ಇರತೈತಿ. ಇಲ್ಲಿ ಮನಷ್ಯಾನ್ನ ಬರ್ಫದಾಗ ಇಟ್ಟು ಕಾಯ್ದಾರ.”

ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಫಾಕರ ಫ್ಯಾಂಟಮ್ 1536ರಿಂದ ನಡೆದುಬಂದ ಮನೆತನದ ಇಪ್ಪತ್ತೊಂದನೆಯವನು. ಅವನ ಅಮರತ್ವ ಕಾಡಿನ ಜನರ ನಂಬಿಕೆ ಮಾತ್ರ, ಓದುಗನಿಗೆ ಒಳಗುಟ್ಟು ಗೊತ್ತು. ಸಾವನ್ನು ಒಪ್ಪಿಕೊಂಡು ವೀರನನ್ನು ಉಳಿಸಿಕೊಳ್ಳುವ ಉಪಾಯ ಅದು. ಮಂಜುಗಡ್ಡೆ ಸಾವನ್ನು ಮುಂದೂಡುವ ಉಪಾಯ. ಆದರೂ ಮುಂದೂಡಿದ್ದಕ್ಕೆ ನಾಲ್ಕನೆಯ ಸಂಚಿಕೆ ಒಂದು ಬೆಲೆ ಕಟ್ಟಿಸಿಕೊಳ್ಳುತ್ತದೆ. ಕ್ಯಾಪ್ಟನ್ ಬದುಕುತ್ತಾನೆ, ಬಕಿ ಬದುಕುವುದಿಲ್ಲ. ಆ ಬೆಲೆಯೇ ಇಡೀ ಕಥೆಯ ಜೀವ.

ಇದನ್ನು ನನಗೆ ಮನಗಾಣಿಸಿದವರು ನಿಪ್ಪಾಣಿಯ ಸಮೀಪದ ಹಳ್ಳಿಯ ನಿವೃತ್ತ ಹವಾಲ್ದಾರರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರಕ್ಕೆ ಆ ಸೀಮೆಯಿಂದ ಹುಡುಗರು ಹೋಗುವುದು ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಆ ರೆಜಿಮೆಂಟಿನವರು ಇಟಲಿಯ ಗುಡ್ಡಗಳಲ್ಲಿ ಕಾದಿದವರು. ಕ್ಯಾಪ್ಟನ್ ಅಮೆರಿಕನ ಯುದ್ಧವೆಂಬುದು ಈ ಊರುಗಳಿಗೆ ಅಷ್ಟೇನೂ ದೂರದ ಸಂಗತಿಯಲ್ಲ. ನಮ್ಮ ಹವಾಲ್ದಾರರು 1971ರ ಯುದ್ಧ ಕಂಡವರು. ತಂಬಾಕಿನ ಹೊಲದ ಬದುವಿನ ಮೇಲೆ ಕುಳಿತು, ಕಣ್ಣಿಗೆ ದೂರ ಹಿಡಿದು ಚಿತ್ರ ನೋಡುತ್ತ ಹೋದರು. ಕ್ಯಾಪ್ಟನ್ ಕಣ್ಣು ಬಿಟ್ಟು ಕೂಗುವ ಪುಟ ಬಂದಾಗ ಏನು ಕೂಗುತ್ತಾನೆಂದು ಕೇಳಿದರು. ಹೇಳಿದೆ. ಮುಂದಿನ ಪುಟ ತಿರುವಿದವರು ಮತ್ತೆ ಹಿಂದಕ್ಕೆ ಬಂದರು.

“ಖರೆ ಐತಿ” ಎಂದರು. “ಎಚ್ಚರಾದ ಕೂಡ್ಲೆ ಅವನ ಹೆಸರs ಬರತೈತಿ. ಎಲ್ಲದೀನಿ, ಎಷ್ಟಾತು ಹೊತ್ತು, ಏನೂ ಗೊತ್ತಿರೂದಿಲ್ಲ, ಹೆಸರು ಬರತೈತಿ.” ಯಾರ ಹೆಸರೆಂದು ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಅಂದರು: “ತಮ್ಮಾ, ಈ ಚಿತ್ರಾ ತಗದಾಂವ ಮಿಲಿಟ್ರಿಯೊಳಗ ಇದ್ದಾಂವ ಇರಬೇಕು.”

ಇದ್ದವರೇ. ಕರ್ಬಿ 1944ರ ಆಗಸ್ಟಿನಲ್ಲಿ ಪದಾತಿಯಾಗಿ ಫ್ರಾನ್ಸಿನ ದಂಡೆಗೆ ಇಳಿದವರು. ಆ ಚಳಿಗಾಲದಲ್ಲಿ ಹಿಮದ ಕಡಿತಕ್ಕೆ ಅವರ ಕಾಲುಗಳು ಸೆಟೆದು, ಕತ್ತರಿಸಬೇಕಾದೀತೆಂದು ವೈದ್ಯರು ಅಂಜುವಷ್ಟು ಕೆಟ್ಟಿದ್ದವು. ಮಂಜಿನಲ್ಲಿ ಹೆಪ್ಪುಗಟ್ಟಿದ ಸೈನಿಕನನ್ನು ಇಪ್ಪತ್ತು ವರ್ಷದ ಮೇಲೆ ಬರೆದ ಕೈ ಅದು. ಇದನ್ನು ಹೆಚ್ಚು ಎಳೆಯಬಾರದು, ಕಬೂಲು. ಕಲೆಗಾರನ ಬಾಳಿನಿಂದ ಕಲೆಯನ್ನು ಹಿಂಡಿ ತೆಗೆಯುವುದು ಸೋಮಾರಿ ವಿಮರ್ಶಕರ ಕಸುಬು. ಕಥೆ ಹೆಣೆದ ಲೀಯವರ ಕಾರಣವಂತೂ ಇದಕ್ಕಿಂತ ಸಣ್ಣದು: ದೊಡ್ಡವರ ಬೆನ್ನಿಗೆ ಓಡಾಡುವ ಹುಡುಗ ಸಂಗಾತಿಗಳೆಂದರೆ ಅವರಿಗೆ ಆಗುತ್ತಿರಲಿಲ್ಲ, ಹೀಗಾಗಿ ಬಕಿಗೆ ಮುಕ್ತಿ ಕಾಣಿಸಿದರು. ಸಂಪಾದಕನ ಬೇಸರದಿಂದ ಬಂದ ಸಾವು ಕಲೆಗಾರನ ರೇಖೆಯಲ್ಲಿ ನಿಜವಾದ ಸಾವಾಯಿತು. ಇಂಥದು ಸಾಹಿತ್ಯದಲ್ಲಿ ಅಪರೂಪವೇನಲ್ಲ.

ಇನ್ನು ಅಲ್ಲಿಯ ಪತ್ರಬರಹಗಾರರ ಕಡೆಗೆ ಹೊರಳುತ್ತೇನೆ. 1945ರಲ್ಲಿಯೇ ಹೆಪ್ಪುಗಟ್ಟಿದ್ದರೆ, 1949ರ ತನಕ ಪ್ರಕಟವಾದ, ಮತ್ತೆ 1953–54ರಲ್ಲಿ ಕಮ್ಯುನಿಸ್ಟರೊಡನೆ ಕಾದಿದ ಕ್ಯಾಪ್ಟನ್ ಅಮೆರಿಕ ಯಾರು? ಹಳೆಯ ಪ್ರತಿಗಳನ್ನು ಜೋಪಾನ ಮಾಡಿದ ಓದುಗನನ್ನು ಕಾಡಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ 1972ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಒಂದು ಕಥೆಯನ್ನೇ ಕಟ್ಟಿ, ಆ ಮಧ್ಯದವನು ಬೇರೊಬ್ಬ ಹುಚ್ಚ ಎಂದು ಲೆಕ್ಕ ಸರಿಮಾಡಿದರು. ಅದು ಒಳ್ಳೆಯ ಕಥೆ. ವಾಚಕನ ತಕರಾರಿನಿಂದ ಕಥೆಗೆ ಲಾಭವಾದ ಉದಾಹರಣೆ. ಆದರೆ ಲೆಕ್ಕ ಸರಿಮಾಡುವ ಚಟ ಅಲ್ಲಿಗೆ ನಿಲ್ಲಲಿಲ್ಲ. ಯಾರ ಸಾವೂ ಕೊನೆಯ ಮಾತಲ್ಲವೆಂದು ರೂಢಿಯಾಯಿತು. ಬಹುಕಾಲ ಬಕಿಯೊಬ್ಬನನ್ನು ಮುಟ್ಟದೆ ಬಿಟ್ಟಿದ್ದರು. 2005ರಲ್ಲಿ ಎಡ್ ಬ್ರೂಬೇಕರ್ ಅವನನ್ನೂ ಎಬ್ಬಿಸಿದರು: ಅವನು ಸತ್ತಿರಲೇ ಇಲ್ಲ, ರಷ್ಯನ್ನರ ಕೈಗೆ ಸಿಕ್ಕು ಕೊಲೆಗಡುಕನಾಗಿದ್ದ. ಬ್ರೂಬೇಕರರ ಕಥೆಯನ್ನು ಕಥೆಯಾಗಿ ತೆಗಳಲಾರೆ. ಬಿಗಿಯಾಗಿದೆ, ದುಃಖವನ್ನು ಹಗುರಾಗಿ ತೆಗೆದುಕೊಂಡಿಲ್ಲ. ಆದರೂ ನಾಲ್ಕನೆಯ ಸಂಚಿಕೆಯ ಅಡಿಗಲ್ಲನ್ನು ಅದು ಕಿತ್ತಿತು. ಹವಾಲ್ದಾರರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. “ಹಂಗಾದರ ಇಂವ ಇಷ್ಟು ವರ್ಷ ಅತ್ತದ್ದು ಎಲ್ಲಿ ಹೋತು?” ಎಂದರು.

ತಂಡದ ಕಥೆಗಳಿಗೆ ನಾವೂ ಹೊಸಬರಲ್ಲ. ಐವರು ಪಾಂಡವರಲ್ಲಿ ಪಂಪ ಅರ್ಜುನನನ್ನು ಎತ್ತಿಕೊಂಡ, ರನ್ನ ಭೀಮನನ್ನು ಎತ್ತಿಕೊಂಡ, ಗದುಗಿನ ನಾರಣಪ್ಪ ಐವರನ್ನೂ ಬದಿಗೆ ಸರಿಸಿ ಕೃಷ್ಣನನ್ನು ಎತ್ತಿಕೊಂಡ. ಹಳೆಯ ಕಥೆಗೆ ಕೊಟ್ಟ ವಾಚಕ ಪ್ರತಿಕ್ರಿಯೆಗಳಲ್ಲದೆ ಇವು ಮತ್ತೇನು? ಪಂಪ ತನ್ನ ದೊರೆಗಾಗಿ ದ್ರೌಪದಿಯ ಮದುವೆಯ ಲೆಕ್ಕವನ್ನೇ ಬದಲಿಸಿ ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಅಷ್ಟರ ಮಟ್ಟಿಗೆ ನಮ್ಮವರೂ ಕೈ ಹಾಕಿದವರೇ. ಆದರೆ ಅಭಿಮನ್ಯುವನ್ನು ಯಾರೂ ಎಬ್ಬಿಸಲಿಲ್ಲ. ಗರ್ಭದಲ್ಲಿ ಸುಟ್ಟ ಪರೀಕ್ಷಿತನನ್ನು ಬದುಕಿಸಿದ ಕೃಷ್ಣನೂ ಅವನ ತಂದೆಯನ್ನು ಬದುಕಿಸಲಿಲ್ಲ. ಕೇಳುವವರು ಅದನ್ನು ಬೇಡಲೂ ಇಲ್ಲ. ಚಕ್ರವ್ಯೂಹದ ಪ್ರಸಂಗವನ್ನು ಮತ್ತೆ ಮತ್ತೆ ಓದಿಸಿ ಮತ್ತೆ ಮತ್ತೆ ಅತ್ತರು. ಕೇಳಿ ತಿದ್ದುವುದಕ್ಕೂ ಹೆದರಿ ತಿದ್ದುವುದಕ್ಕೂ ಹೊರತಾಗಿ, ತಿದ್ದದೆ ಬಿಡುವುದೂ ವಾಚಕನಿಗೆ ತೋರುವ ಗೌರವವೇ. 1964ರ ಸಂಚಿಕೆಗೆ ಆ ಗೌರವ ಇತ್ತೆಂದು ನನ್ನ ವಾದ. ಅದನ್ನು ಬೆಳೆಸಿದ ಪತ್ರಪುಟಗಳೇ ಕೊನೆಗೆ ಅದನ್ನು ಕಳೆದವು. ಪತ್ರ ಬರೆಯುವವನ ಕೈಗೆ ಕಥೆಯ ಕೀಲಿ ಸಿಕ್ಕಮೇಲೆ ಅವನು ಬಾಗಿಲು ತೆರೆಯದೆ ಇರುವುದಾದರೂ ಹೇಗೆ?

ಈ ವಾದವನ್ನು ಕಾಗವಾಡದ ಗೃಹಸ್ಥರು ಪೂರ್ತಿ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಪತ್ರ ಬರೆಯುವ ಪುಟ ನಮಗೂ ಇದ್ದಿದ್ದರೆ ‘ರಾಮಲು’ವಿನಂಥ ಹೆಸರು ಇಷ್ಟು ಕಾಲ ನಡೆಯುತ್ತಿರಲಿಲ್ಲ, ನಾವೇನು ಹೆಸರು ಕೇಳಿ ಪುಸ್ತಕ ಸುಡುವವರೇ ಎಂದು ಅವರ ಆಕ್ಷೇಪ. ಆ ಮಾತಿನಲ್ಲಿಯೂ ತೂಕವಿದೆ.

ಅಥಣಿಯದು ಉಳಿಯಿತು. ಅಲ್ಲಿ ನನ್ನ ಪ್ರತಿಯನ್ನು ಎರಡು ವಾರ ಇಟ್ಟುಕೊಂಡವಳು ಒಂಬತ್ತನೆಯ ಇಯತ್ತೆಯ ಹುಡುಗಿ. ಮನೆಯವರು ಚಪ್ಪಲಿ ಹೊಲಿಯುವ ಕಸುಬಿನವರು. ಇಂಗ್ಲಿಷು ಶಬ್ದಕೋಶ ಹಿಡಿದು ತಾನೇ ಓದಿದಳು. ಪುಸ್ತಕ ಮರಳಿ ಕೊಡುವಾಗ ನೋಟುಬುಕ್ಕಿನ ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದ ಮೂರು ಪ್ರಶ್ನೆಗಳನ್ನು ಒಳಗಿಟ್ಟಿದ್ದಳು. ಮೊದಲನೆಯದು ವಾಸ್ಪ್‌ಳನ್ನು ಕುರಿತು: ನಾಲ್ವರಲ್ಲಿ ಒಬ್ಬಳೇ ಹೆಣ್ಣು, ಅವಳಿಗೇಕೆ ಕೆಲಸವಿಲ್ಲ? ತಂಡಕ್ಕೆ ಅವೆಂಜರ್ಸ್ ಎಂಬ ಹೆಸರನ್ನು ಮೊದಲ ಸಂಚಿಕೆಯಲ್ಲಿ ಸೂಚಿಸಿದವಳು ಈ ವಾಸ್ಪ್‌ಳೇ ಎಂದು ನಾನು ತಿಳಿಸಿದೆ. ಹಾಗಿದ್ದರೆ ಇನ್ನೂ ಕೆಟ್ಟದಾಯಿತು ಎಂದಳು. ಸರಿಯಾದ ಮಾತೇ, ಆರಂಭದ ಸಂಚಿಕೆಗಳಲ್ಲಿ ಲೀಯವರು ಆಕೆಯ ಬಾಯಲ್ಲಿ ಥಾರನ ಚೆಲುವಿನ ಮಾತನ್ನೇ ಹೆಚ್ಚಾಗಿ ಇಟ್ಟಿದ್ದಾರೆ. ಎರಡನೆಯದು, ಕಲ್ಲಾಗಿಸುವವನ ಕೂದಲು ಹಾವಿನಂತೇಕೆ ಎಂಬುದು. ಅದಕ್ಕೆ ಗ್ರೀಕರ ಮೆಡೂಸಳ ಕಥೆ ಹೇಳಿದೆ.

ಮೂರನೆಯದು ಒಂದೇ ಸಾಲು: ಬಕಿ ಸತ್ತ ಸುದ್ದಿಯನ್ನು ಅವನ ಮನೆಗೆ ಯಾರು ತಿಳಿಸಿದರು? ಕ್ಯಾಪ್ಟನ್ ಮಂಜಿನಲ್ಲಿದ್ದ, ಬೇರೆ ಯಾರೂ ನೋಡಿರಲಿಲ್ಲ. ನಾನು ಸಂಚಿಕೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಅದರಲ್ಲಿ ಇದಕ್ಕೆ ಉತ್ತರವಿಲ್ಲ. ಐದನೆಯ ಸಂಚಿಕೆ ಓದಲು ಕೇಳಿದ್ದಾಳೆ; ಮುಂದಿನ ಸಲ ಅಥಣಿಗೆ ಹೋಗುವಾಗ ಒಯ್ಯಬೇಕು.